ಯಾರ ಹಲ್ಲು ಯಾರಿಗೆ

ಹಲ್ಲಿನ ಸೆಟ್ ಮಾಡುವ ಆ ಎರಡು ಕೋಣೆಯ ಲ್ಯಾಬಿಗೆ ಅಕ್ಕನೇ ಒಡತಿ, ಅಕ್ಕನೇ ಕೆಲಸಗಾರ್ತಿ. ಅಮ್ಮನ ಕಾಟ ತಡೆಯಲಾರದೆ ತಂಗಿಯನ್ನು ಸೇರಿಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಪುಸ್ತಕದಂಗಡಿ, ಪಾರ್ಸೆಲ್ ಆಫೀಸು, ಔಷಧಿ ಅಂಗಡಿ, ಎಲ್ಲೂ ತಂಗಿ ನೆಲೆ ನಿಂತವಳಲ್ಲ. ಎಡವಟ್ಟು ಮಾಡಿಕೊಂಡ ದಿನವೇ ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದು ಅವಳ ಜಾಯಮಾನ. "ಇಲ್ಲಿಂದ್ಲೂ ಓಡಿದ್ರೆ ಇನ್ಮೇಲೆ ಅವಳ ಸುದ್ದಿ ನನ್ನತ್ರ ಎತ್ಬೇಡ" ಎಂದು ಅಕ್ಕ ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದಳು.

ಆ ಎಡವಟ್ಟು ಒಂದು ಮಧ್ಯಾಹ್ನ ಆಗಿಯೇಬಿಟ್ಟಿತು. ಕಪಾಟಿನ ಪ್ಲಾಸ್ಟರ್ ಅಚ್ಚುಗಳ ಮೇಲೆ ಬರೀ ನಂಬರು. ಯಾವ ನಂಬರು ಯಾರ ಬಾಯಿ ಎಂಬುದು ಕಂಪ್ಯೂಟರಿನ ಶೀಟಿಗೆ ಮಾತ್ರ ಗೊತ್ತು. ಹೆಸರುಗಳು ಅಕಾರಾದಿಯಾಗಿದ್ದರೆ ಚೆಂದ ಎಂದು ತಂಗಿಗೆ ಅನಿಸಿತು. ಹೆಸರಿನ ಕಾಲಂ ಒಂದನ್ನೇ ಹಿಡಿದು ಜೋಡಿಸಹೊರಟಳು. ಪಕ್ಕದ ಕಾಲಂಗಳನ್ನೂ ಜೊತೆಗೆ ಕದಲಿಸಲೇ ಎಂದು ಕಂಪ್ಯೂಟರು ಮರ್ಯಾದೆಯಿಂದಲೇ ಕೇಳಿತು. ಅವುಗಳ ತಂಟೆ ಯಾಕೆ ಎಂದು ಇವಳು ಬೇಡವೆಂದಳು, ಸೇವ್ ಮಾಡಿದಳು, ಮುಚ್ಚಿದಳು. ನಂಬರು, ದಿನಾಂಕ, ವಯಸ್ಸು ಇದ್ದಲ್ಲೇ ಉಳಿದವು, ಹೆಸರುಗಳು ಮಾತ್ರ ಮನೆ ಬದಲಿಸಿದವು. ಸಂಜೆ ಹಲ್ಲಿನ ಡಾಕ್ಟರ ವ್ಯಾನು ಬಂದು ಸೆಟ್ಟುಗಳನ್ನು ಒಯ್ಯಬೇಕಿತ್ತು.

"ಅಕ್ಕಾ, ಎಲ್ಲಾ ಕಲಸುಮೇಲೋಗರ ಆಗೋಯ್ತು" ಎಂದ ತಂಗಿಯ ಮುಖ ಬಿಳಿಚಿಕೊಂಡಿತ್ತು.

ಹಿಂದಿನ ಸಂಜೆಯ ಕಾಪಿ ಅಕ್ಕನ ಪೆನ್‌ಡ್ರೈವಿನಲ್ಲಿತ್ತು. ಅವಳ ಕೈ ಮೇಜಿನ ಡ್ರಾಯರಿನವರೆಗೂ ಹೋಗಿ ನಿಂತಿತು. ಓಡುತ್ತಾಳೋ ನಿಲ್ಲುತ್ತಾಳೋ, ನೋಡಿಯೇಬಿಡೋಣ ಎನಿಸಿತು. "ಸಂಜೆ ಒಳಗೆ ಸರಿ ಮಾಡು" ಎಂದಷ್ಟೇ ಹೇಳಿ ಅಚ್ಚು ಉಜ್ಜಲು ಕೂತಳು.

ತಂಗಿ ಒಂದೆರಡು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ ಅದೇನನಿಸಿತೋ, ಲ್ಯಾಬಿನ ಫೋನು ಎತ್ತಿಕೊಂಡಳು. ಅಳತೆ ಕೊಟ್ಟವರ ಹೆಸರು, ವಯಸ್ಸು, ಫೋನ್ ನಂಬರುಗಳನ್ನು ಡಾಕ್ಟರ ಕ್ಲಿನಿಕ್ಕಿನವರು ಆಯಾ ದಿನವೇ ಮೆಸೇಜು ಮಾಡುತ್ತಿದ್ದರು. ಅವನ್ನೆಲ್ಲ ಹೊಸ ಶೀಟಿಗೆ ಅಂಟಿಸಿ, ಹೆಸರು ಒಂದು ಕಾಲಮ್ಮಿಗೆ, ವಯಸ್ಸು ಒಂದಕ್ಕೆ, ಮೆಸೇಜು ಬಂದ ದಿನಾಂಕ ಇನ್ನೊಂದಕ್ಕೆ ಎಂದು ಬಿಡಿಸಿದಳು. ಎರಡೂ ಶೀಟುಗಳಲ್ಲಿ ದಿನಾಂಕಕ್ಕೆ ವಯಸ್ಸನ್ನು ಅಂಟಿಸಿ ಒಂದೇ ಗುರುತು ಮಾಡಿದಳು. ಆ ಗುರುತು ಹಿಡಿದು ಹೊಸ ಶೀಟಿನ ಹೆಸರನ್ನು ಹಳೆಯದಕ್ಕೆ ಎಳೆದು ತರುವ ಸೂತ್ರ ಬರೆದಳು. ಒಂದೇ ಗುರುತು ಇಬ್ಬರಿಗೆ ಬಂದರೆ ಸಾಲು ಕೆಂಪಾಗಲಿ ಎಂದು ಇನ್ನೊಂದು. ಹೆಸರುಗಳು ಸಾಲಾಗಿ ಬಂದು ಕೂತವು. ಕೊನೆಗೆ ಕೆಂಪಗೆ ಉಳಿದದ್ದು ಎರಡೇ ಸಾಲು. ಗಂಡ ಹೆಂಡತಿ, ಒಂದೇ ದಿನ ಬಂದವರು, ವಯಸ್ಸೂ ಒಂದೇ.

ತಂಗಿ ಆ ಮನೆಗೇ ಫೋನು ಹಚ್ಚಿ, ಇಬ್ಬರ ಬಾಯಲ್ಲಿ ಬೇರೆಬೇರೆ ಗುರುತು ಏನಾದರೂ ಇದೆಯೇ ಎಂದು ಕೇಳಿದಳು. "ನಮ್ಮ ಯಜಮಾನ್ರ ಮೇಲಿನ ವಸಡಲ್ಲಿ ಬಲಗಡೆ ಒಂದು ಗಂಟಿದೆಯಮ್ಮ" ಎಂದಿತು ಹೆಂಗಸಿನ ದನಿ. "ತಡಿ, ಖಾತ್ರಿ ಮಾಡ್ಕೋತೀನಿ. ರೀ, ಬಾಯಿ ಬಿಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದ್ಲು ಬಿಡಿ."

ತಂಗಿ ಡಬ್ಬಿಗಳಿಗೆ ಹೆಸರು ಅಂಟಿಸಲು ಹೊರ ಕೋಣೆಗೆ ಹೋದಾಗ ಅಕ್ಕ ಪೆನ್‌ಡ್ರೈವ್ ಸಿಕ್ಕಿಸಿ ಎರಡು ಪಟ್ಟಿಗಳನ್ನೂ ತಾಳೆ ನೋಡಿದಳು. ಎಲ್ಲ ಸರಿ, ಆ ದಂಪತಿಯದೊಂದು ಬಿಟ್ಟು. ತಂಗಿ ಪೂರ್ತಿ ಗೆದ್ದಿಲ್ಲವಲ್ಲ ಎಂದು ಒಳಗೊಳಗೇ ಹಗುರವೂ ಆಯಿತು.

"ಆ ಗಂಡ ಹೆಂಡ್ತೀದು ಉಲ್ಟಾ ಆಗಿದೆ, ಬದಲಾಯಿಸು" ಎಂದು ಕೂಗಿದಳು.

ತಂಗಿ ಒಳಗೆ ಬಂದಳು. "ನಿಂಗೆ ಹೇಗೆ ಗೊತ್ತು?"

ಅಕ್ಕ ಪೆಚ್ಚಾದಳು. ಪರದೆಯ ಮೇಲೆ ಎರಡೂ ಪಟ್ಟಿಗಳು ತೆರೆದೇ ಇದ್ದವು. ತಂಗಿ ಅವನ್ನು ನೋಡಿದಳು, ಕಪಾಟಿನಿಂದ ಒಂದು ಅಚ್ಚು ತಂದು ಅಕ್ಕನ ಅಂಗೈಯಲ್ಲಿಟ್ಟಳು. ಬಲಗಡೆ ಗಂಟು ಬೆರಳಿಗೆ ಸಿಕ್ಕಿತು. ಅದು ಗಂಡನದೇ. ಮೊದಲೇ ಆ ನಂಬರಿನ ಮುಂದೆ ತಪ್ಪಾಗಿ ಹೆಂಡತಿಯ ಹೆಸರು ಹಾಕಿದ್ದವಳು ಅಕ್ಕ. ಕಾಪಿ ನಂಬಿ ಕಳಿಸಿದ್ದರೆ ಗಂಡನ ಹಲ್ಲು ಹೆಂಡತಿಯ ಬಾಯಿಗೆ ಹೋಗುತ್ತಿತ್ತು.

"ಮಧ್ಯಾಹ್ನಾನೇ ಇತ್ತಾ ಇದು ನಿನ್ನತ್ರ?"

"ಇತ್ತು."

"ಮತ್ಯಾಕೆ ಕೊಡ್ಲಿಲ್ಲ?"

"ಓಡ್ತೀಯೇನೋ ಅಂತ ನೋಡ್ತಿದ್ದೆ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಇಬ್ಬರೂ ಕದಲಲಿಲ್ಲ.

"ಓಡಿದ್ದಿದ್ರೆ ನಿಂಗೆ ಖುಷಿ ಆಗ್ತಿತ್ತಾ?"

ಇಲ್ಲ ಎನ್ನಲು ಅಕ್ಕ ಬಾಯಿ ತೆರೆದಳು. ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಸ್ವಲ್ಪ" ಎಂದಳು.

ತಂಗಿ ತಲೆಯಾಡಿಸಿದಳು. ಡಬ್ಬಿಗಳನ್ನು ಹೊತ್ತು ವ್ಯಾನಿಗೆ ತುಂಬಿಸಿ, ಸಹಿ ಹಾಕಿಸಿಕೊಂಡು ಒಳಗೆ ಬಂದಳು.

"ನಾಳೆ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದಳು, ಅಕ್ಕನ ಮುಖ ನೋಡದೆ.