ನೆಲದ ಮೇಲಿನ ನಾಲ್ಕು ಗುರುತು

ಸಾಕ್ಷಿ ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನದನ್ನು ಕೇಳಿ ನಾಚಿ ಮೂಗನಾಗಿರುತ್ತಾನೆ. ಭಾನುವಾರ ಚರ್ಚಿನ ಆರಾಧನೆಯಲ್ಲಿ, ದೇವರು ನನ್ನನ್ನು ಪಾಪದಿಂದ ಎತ್ತಿದ ಕಥೆ ಹೇಳಲು ನಾನು ಎದ್ದು, "ಒಂದು ಕಾಲಕ್ಕೆ ನಾನು ಮಹಾಕುಡುಕ" ಎಂದೆನೆಂದರೆ ಸಾಕು, ಹೆಂಗಸರು ಕರ್ಚೀಫು ಹಿಂಡಿದ ನೀರಿನಲ್ಲಿ ಎರಡು ಊರಿನ ಬಟ್ಟೆ ಒಗೆಯಬಹುದಿತ್ತು. ಗೋಡೆಯ ಮೇಲಿನ ಹಲ್ಲಿ ಮಾನಸಾಂತರಪಟ್ಟು ನೊಣ ಹಿಡಿಯುವುದನ್ನೇ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆಪಾಡಿಗೆ ನಾನು ದರ್ಜಿ. ಆದರೆ ಹಾಗೆ ಕರೆಯುವವರು ಯಾರು? ಎಲ್ಲರಿಗೂ ನಾನು ಸಾಕ್ಷಿಯಣ್ಣ.

ಒಂದೇ ಒಂದು ಕೊರತೆ. ಹುಟ್ಟಿದಾಗಿನಿಂದ ನಾನು ಒಂದು ತೊಟ್ಟೂ ಕುಡಿದವನಲ್ಲ. ಕೆಮ್ಮಿನ ಔಷಧಿ ಕುಡಿದರೆ ಮೂರು ದಿನ ಗೋಡೆ ಹಿಡಿದು ನಡೆಯುವ ಆಸಾಮಿ.

ಕುಡಿದವನು ನನ್ನ ತಮ್ಮ.

ಅಮ್ಮ ತೀರಿಕೊಂಡ ಮೇಲೆ, ಆರು ವರ್ಷದ ಹಿಂದೆ, ನಾನು ಈ ಊರಿಗೆ ಬಂದು ಅಂಗಡಿ ಹಾಕಿದೆ. ಸಭೆಯಲ್ಲಿ ಪಾಸ್ಟರು ಮೊದಲ ಸಲ ನನ್ನನ್ನು ಸಾಕ್ಷಿಗೆ ಎಬ್ಬಿಸಿದ ದಿನ, ನನಗಿಂತ ಮುಂಚೆ ಎದ್ದವನು ಜೈಲಿನಿಂದ ಬಂದವನು. ಅವನು ಕೂತಾಗ ಎಲ್ಲರೂ ಬಿಕ್ಕುತ್ತಿದ್ದರು. ನನ್ನ ಹತ್ತಿರ ಇದ್ದದ್ದೋ ಚಿಲ್ಲರೆ ಪಾಪಗಳು: ಗಿರಾಕಿಯ ಬಟ್ಟೆಯಲ್ಲಿ ಹೊಡೆದುಕೊಂಡ ಅರ್ಧ ಮೀಟರು, "ನಾಳೆ ಬನ್ನಿ" ಎಂದ ಸಾವಿರಾರು ನಾಳೆಗಳು. ಅದಕ್ಕೆಲ್ಲ ಯಾರು ಅಳುತ್ತಾರೆ? ತಮ್ಮ ಎಲ್ಲೋ ದೂರದಲ್ಲಿ ಸೇತುವೆಗೆ ವೆಲ್ಡಿಂಗ್ ಮಾಡಿಕೊಂಡಿದ್ದ. ಅವನ ಪಾಪ ಕೈಗೆ ಸಿಕ್ಕಿತು. ಅಳತೆ ಸ್ವಲ್ಪ ಸಡಿಲ ಮಾಡಿ ತೊಟ್ಟುಕೊಂಡೆ.

ಅಮ್ಮ ಆಸ್ಪತ್ರೆಗೆ ದಿಂಬಿನ ಕವರು ಹೊಲಿದು ನಮ್ಮಿಬ್ಬರನ್ನು ಸಾಕಿದವಳು. ಅವಳ ಹೊಲಿಗೆ ಮೆಷಿನ್ನನ್ನು ತಮ್ಮ ಕುಡಿಯಲಿಕ್ಕೆ ಮಾರಿದ. ಅದಿದ್ದ ಜಾಗದಲ್ಲಿ ಕಾಲುಗಳ ನಾಲ್ಕು ಗುರುತು ಉಳಿದವು. ನಿಜ ಇಷ್ಟೇ. ನನ್ನ ಸಾಕ್ಷಿಯಲ್ಲಿ ಮಾರಿದವನು ನಾನು. ಅಮ್ಮ ಆ ನಾಲ್ಕು ಗುರುತಿನ ಮೇಲೆ ದೊಪ್ಪನೆ ಬಿದ್ದು, ನನ್ನ ಹೆಸರು ಕೂಗುತ್ತಾ ಪ್ರಾಣ ಬಿಡುತ್ತಿದ್ದಳು. ಪ್ರತಿ ವರ್ಷ ಇನ್ನೂ ಸ್ವಲ್ಪ ನಿಧಾನವಾಗಿ ಬಿಡುತ್ತಿದ್ದಳು.

ಹೋದ ತಿಂಗಳು ತಮ್ಮ ಈ ಊರಿನ ಗೇಟು ಮಾಡುವ ಶೆಡ್ಡಿಗೆ ಕೆಲಸಕ್ಕೆ ಬಂದ. ನನ್ನ ಜೊತೆ ಆರಾಧನೆಗೂ ಬರತೊಡಗಿದ. ಅಂದಿನಿಂದ ನಾನು ಗಂಟಲು ಕೆಟ್ಟಿದೆ ಎಂದು ನೆವ ಹೇಳಿ ಸಾಕ್ಷಿಗೆ ಏಳುವುದನ್ನೇ ಬಿಟ್ಟಿದ್ದೆ. ಒಂದು ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ನಾನು ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ ಎದುರಿನ ಸ್ಟೂಲಿನಲ್ಲಿ ಕೂತು ಹೇಳಿದ:

"ಅಣ್ಣಾ, ನಾಳೆ ನಾನು ಸಾಕ್ಷಿ ಹೇಳ್ತೀನಿ. ಪಾಸ್ಟರ್ ಹತ್ರ ಕೇಳಾಯ್ತು."

ಸೂಜಿ ಬೆರಳಿಗೆ ಚುಚ್ಚಿತು. ಕೊಡಗಟ್ಟಲೆ ರಕ್ತ ಹರಿಯಿತು ಎನ್ನಬೇಕು; ಬಂದದ್ದು ಒಂದು ಹನಿ.

"ಎರಡು ಮಾತಾಡಿ ಕೂತ್ಕೋ. ಮೆಷಿನ್ ವಿಷಯ ಎಲ್ಲ ತೆಗೀಬೇಡ ಮಾರಾಯ. ಅಮ್ಮನ ಮರ್ಯಾದೆ ನೋಡು."

"ಅದನ್ನೇ ಅಣ್ಣಾ ಹೇಳ್ಬೇಕಾಗಿರೋದು. ಕುಡಿಯೋದು ಬಿಟ್ಟು ಹನ್ನೊಂದು ತಿಂಗಳಾಯ್ತು. ದಿನಾ ಮೊಣಕಾಲೂರ್ತೀನಿ, ಆ ಒಂದು ಮಾತು ಗಂಟಲಲ್ಲೇ ಕೂತಿರುತ್ತೆ. ನಾಲ್ಕು ಜನರ ಮುಂದೆ ಒಪ್ಕೊಂಡ್ರೆ ದೇವರ ಮುಂದೆ ತಲೆ ಎತ್ತಬಹುದು. ಇಲ್ಲಾಂದ್ರೆ ಆ ಕಡೆ ಮುಖ ಹಾಕೋಕೆ ಇನ್ನು ನನ್ನ ಕೈಲಾಗಲ್ಲ."

ಆಗಲೇ ಬಾಯಿ ಬಿಡಬೇಕಿತ್ತು. ಆರು ವರ್ಷ ಛಾವಣಿ ಅದುರಿಸಿದ ಬಾಯಿ ಸ್ಟೂಲಿನ ಮೇಲೆ ಕೂತಿದ್ದ ಒಬ್ಬ ತಮ್ಮನಿಗೆ ಹೆದರಿತು.

ಮರುದಿನ ಅವನು ನಿಂತ. ಕಿಡಿ ಸುಟ್ಟ ಕಲೆಗಳ ಕೈಯಿಂದ ಚೀಟಿ ಬಿಡಿಸಿದ.

"ನಾನು ಅಮ್ಮನ ಮೆಷಿನ್ ಮಾರ್ಬಿಟ್ಟೆ. ಅವಳು ಕವರು ಕೊಟ್ಟು ಬರೋಕೆ ಆಸ್ಪತ್ರೆಗೆ ಹೋಗಿದ್ಲು. ಬಂದು ನೋಡಿದ್ರೆ ನೆಲದ ಮೇಲೆ ನಾಲ್ಕು ಗುರುತು. ಅದರ ಮೇಲೆ ಚಾಪೆ ಎಳೆದ್ಲು. ಆಮೇಲೆ ನನ್ನ ಕೇಳಿದ್ಲು, ಊಟ ಆಯ್ತೇನೋ ಅಂತ."

ಚಾಪೆಯ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಆರು ವರ್ಷದ ಅಬ್ಬರವೆಲ್ಲ ಆ ಚಾಪೆಯ ಅಂಚಿಗೂ ಸಾಲದು.

ಆದರೆ ಯಾರೂ ಅಳಲಿಲ್ಲ. ಮುಂದಿನ ಸಾಲಿನಲ್ಲಿದ್ದ, ನನಗಾಗಿ ಎಲ್ಲರಿಗಿಂತ ಹೆಚ್ಚು ಕರ್ಚೀಫು ಹಿಂಡಿದ ನರ್ಸಮ್ಮ ಪಕ್ಕಕ್ಕೆ ವಾಲಿ, "ಇದು ನಮ್ಮ ಸಾಕ್ಷಿಯಣ್ಣಂದಲ್ವೇನ್ರೀ? ಇವನ್ಯಾಕೆ ಹೇಳ್ತಿದಾನೆ?" ಎಂದರು.

"ಅಮ್ಮ ಸಾಯೋದನ್ನೇ ಮರ್ತುಬಿಟ್ಟ ನೋಡಿ," ಎಂದು ಹಿಂದಿನಿಂದ ಯಾರೋ ನಕ್ಕರು.

ಪಾಸ್ಟರು ಕೈಯೆತ್ತಿ ಗದ್ದಲ ನಿಲ್ಲಿಸಿದರು. "ಸಾಕ್ಷಿಯಣ್ಣಾ, ನೀವೇ ಹೇಳ್ಬಿಡಿ. ಮೆಷಿನ್ ಮಾರಿದ್ದು ಯಾರು?"

ಎದ್ದೆ. ತಮ್ಮ ನನ್ನನ್ನೇ ನೋಡುತ್ತಿದ್ದ. 'ಅವನು' ಎಂದಿದ್ದರೆ ಮುಗಿಯುತ್ತಿತ್ತು.

"ಪಾಪ, ಮನೇಲಿ ನನ್ನ ಕಥೆ ಕೇಳಿ ಕೇಳಿ ಅವನಿಗೆ ತಾನೇ ಮಾಡಿದ ಹಾಗೆ ಆಗ್ಬಿಟ್ಟಿದೆ," ಎಂದೆ. "ಅಣ್ಣನ ಮೇಲೆ ಅಷ್ಟು ಪ್ರೀತಿ."

ಎಲ್ಲರೂ ಮುದ್ದಿನಿಂದ ನಕ್ಕರು. ತಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಬೆಂಚುಗಳ ನಡುವೆ ತಲೆ ತಗ್ಗಿಸಿ ಹೊರಗೆ ಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ನಾನೇ ಎದ್ದು ಒಪ್ಪಿಕೊಂಡೆ. ಮಾರಿದ್ದು ಅವನೇ, ನನ್ನಂಥ ಸುಳ್ಳ ಮೂರು ಲೋಕದಲ್ಲಿಲ್ಲ ಎಂದು ಎದೆ ಬಡಿದುಕೊಂಡೆ. ನರ್ಸಮ್ಮ ಗೊಳೋ ಎಂದು ಅತ್ತರು. "ಅಯ್ಯೋ ದೇವರೇ! ತಮ್ಮನ ಪಾಪಾನ ಆರು ವರ್ಷ ತಾನು ಹೊತ್ಕೊಂಡಿದ್ನಲ್ಲ! ಎಂಥಾ ಮನಸ್ಸು!"

ಹಲ್ಲೆಲೂಯಾ ಛಾವಣಿಗೆ ಮುಟ್ಟಿತು. ಅಲ್ಲ ಎನ್ನಲು ಬಾಯಿ ತೆರೆದೆ. ಕೇಳಲು ಹಿತವಾಗಿತ್ತು, ಮುಚ್ಚಿಕೊಂಡೆ.

ಮರುದಿನ ಶೆಡ್ಡಿಗೆ ಹೋದೆ. ತಮ್ಮ ಗೇಟಿನ ಸರಳು ಕೂಡಿಸುತ್ತಿದ್ದ. ಕುಡಿದಿದ್ದಾನೇನೋ ಎಂದು ಹತ್ತಿರ ಹೋಗಿ ಮೂಸಿದೆ. ಇಲ್ಲ.

"ಕುಡಿದಿಲ್ಲ ಬಿಡು," ಎಂದ.

"ಈ ಭಾನುವಾರ ಬರ್ತೀಯೇನೋ?"

"ಯಾಕಣ್ಣಾ? ನನ್ನ ಪಾಪಕ್ಕೆ ಕ್ಷಮೆ ನೀನು ತಗೊಂಡಾಯ್ತಲ್ಲ. ಒಂದೇ ಪಾಪಕ್ಕೆ ಎರಡೆರಡು ಸಲ ದೇವರ ತಲೆ ಯಾಕೆ ತಿನ್ನೋದು?"

ಅವನು ಮತ್ತೆ ವೆಲ್ಡಿಂಗ್ ಶುರುಮಾಡಿದ, ಕಿಡಿ ಹಾರಿತು. ಕಣ್ಣು ಮುಚ್ಚಿಕೊಂಡೇ ಹೊರಗೆ ಬಂದೆ.

ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿ, ಬಟ್ಟೆಯ ಚೂರುಗಳ ಮೇಲೆ ಮೊಣಕಾಲೂರಿದೆ. ತಮ್ಮನ ಪಾಪ ತೆಗೆದಿಟ್ಟ ಮೇಲೆ ನನ್ನದು ಅಂತ ಉಳಿದದ್ದು ಎರಡೇ ಮಾತು.

"ಕರ್ತನೇ, ನಾನು ಸುಳ್ಳ."

ಅಷ್ಟಕ್ಕೇ ನಿಲ್ಲಿಸಿದೆ. ಹಿಂದಿನಿಂದ ಯಾರಾದರೂ ಆಮೆನ್ ಅನ್ನುತ್ತಾರೇನೋ ಎಂದು ಕಿವಿ ಕಾಯುತ್ತಿತ್ತು.