ಬಿ.ಪಿ. ಚೆನ್ನಾಗಿದೆ

ಬಿ.ಪಿ. ಚೆನ್ನಾಗಿಯೇ ಇತ್ತು. ಡಾಕ್ಟರ್ ಮಾಬೆಲ್‌ಗೆ ರೇಗಿದ್ದು ಅದಕ್ಕೇ. ಕಾಯಿಲೆಯೇ ಇಲ್ಲದ ಮುದುಕನನ್ನು ಏನು ಬರೆದುಕೊಟ್ಟು ಕಳಿಸುವುದು?

"ನಿದ್ದೆ?"

"ಬಂದ್ರೆ ಬರುತ್ತೆ."

"ಊಟ?"

"ಮಾಡಿದ್ರೆ ಆಯ್ತು."

ದೊನ್ ಅದೆಮಾರ್ ಒಂದು ಕಾಲಕ್ಕೆ ಕುರಿಗಳ ಉಣ್ಣೆ ಕತ್ತರಿಸುತ್ತ ಉರುಗ್ವೆಯ ಉತ್ತರ ಭಾಗವನ್ನೆಲ್ಲ ಸುತ್ತಿದವನು. ಈಗ ಬೆನ್ನು ನೋವೆಂದು ಬರುತ್ತಾನೆ, ಬೆನ್ನು ಮುಟ್ಟಲು ಬಿಡುವುದಿಲ್ಲ. ಇವತ್ತು ಕ್ಷೌರ ಮಾಡಿಸಿಕೊಂಡು ಬಂದಿದ್ದ. ಸದ್ಯ, ಗೆಲುವಾಗಿದ್ದಾನೆ ಎಂದುಕೊಂಡಳು.

ಅವನು ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ಇದು ನಿಮಗೆ ಡಾಕ್ಟ್ರಮ್ಮ."

ಚೀಸೋ ಮೊಟ್ಟೆಯೋ, ಈ ಊರಿನವರು ತರುತ್ತಲೇ ಇರುತ್ತಾರೆ. "ಅಯ್ಯೋ, ಯಾಕೆ ಇದೆಲ್ಲ?" ಎಂದು ಅಭ್ಯಾಸಬಲದಿಂದ ಎತ್ತಿ ಕಪಾಟಿನಲ್ಲಿಟ್ಟಳು. ಕಾಗದ ಜಾರಿತು. ಒಳಗಿದ್ದದ್ದು ಅವನು ಯೆರ್ಬಾ ಸೊಪ್ಪಿನ ಕಷಾಯ ಕುಡಿಯುವ ಸೋರೆಬುರುಡೆ. ವರ್ಷಗಟ್ಟಲೆ ಕೈಯಾಡಿ ಅಂಚು ಕಪ್ಪಾಗಿತ್ತು. ಇಲ್ಲಿ ಬುರುಡೆಯನ್ನು ಯಾರ ಜೊತೆಗಾದರೂ ಹಂಚಿಕೊಂಡಾರು, ಬದುಕಿರುವಾಗ ಕೊಟ್ಟುಬಿಡುವುದಿಲ್ಲ.

ರಾಜಧಾನಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಸುತ್ತಿಬಳಸಬೇಡಿ, ನೇರವಾಗಿ ಕೇಳಿ, ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಸಹೋದ್ಯೋಗಿಯನ್ನೇ ಮುದುಕನಾಗಿ ಕೂರಿಸಿಕೊಂಡು ನಗುನಗುತ್ತ ಅಭ್ಯಾಸವನ್ನೂ ಮಾಡಿದ್ದಳು. ಈಗ ಈ ಮುದುಕ ಹೌದು ಎಂದುಬಿಟ್ಟರೆ? ಹೆದರಿಕೆಯಾಯಿತು. ಹೆದರಿದ್ದಕ್ಕೆ ನಾಚಿಕೆಯೂ ಆಯಿತು.

"ಸಾಯ್ಬೇಕು ಅಂತ ಇದೀರಾ, ದೊನ್ ಅದೆಮಾರ್?"

ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಅಂತೂ ಕೇಳಿದ್ರಲ್ಲ."

"ಮನಸ್ಸಿನ ಡಾಕ್ಟ್ರು ಮುಂದಿನ ತಿಂಗಳು ಬರ್ತಾರೆ."

"ಮುಂದಿನ ತಿಂಗಳಾ!" ಅವನಿಗೆ ನಿಜಕ್ಕೂ ನಗು ಬಂತು.

"ಅಲ್ಲೀವರೆಗೂ ದಿನಾ ಬನ್ನಿ."

"ಬಂದು?"

"ಬಿ.ಪಿ. ನೋಡ್ತೀನಿ."

"ಚೆನ್ನಾಗಿದೆ ಅಂದ್ರಲ್ಲ ಈಗ್ತಾನೆ!"

ತರಬೇತಿಯಲ್ಲಿ, ಉತ್ತರ ಬಂದ ಮೇಲೆ ಏನು ಮಾಡಬೇಕೆಂಬ ಪಾಠದ ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿದ್ದರು. ಮಾಬೆಲ್ ಬುರುಡೆಯನ್ನು ಕೆಳಗಿಳಿಸಿದಳು. ತನ್ನ ಸೊಪ್ಪನ್ನೇ ತುಂಬಿ, ಫ್ಲಾಸ್ಕಿನಿಂದ ನೀರು ಹೊಯ್ದು ಅವನ ಕೈಗಿಟ್ಟಳು. ಅವನು ಹೀರಿ ವಾಪಸು ಕೊಟ್ಟ. ಅವಳು ಒಮ್ಮೆ ಕುಡಿದಳು. ಮತ್ತೆ ಅವನಿಗೆ. ಈ ಸೀಮೆಯಲ್ಲಿ ಸಾಕಾದವನು ಬುರುಡೆ ಹಿಂದಿರುಗಿಸುವಾಗ ಥ್ಯಾಂಕ್ಸ್ ಹೇಳುತ್ತಾನೆ. ಹೇಳಿದ ಮೇಲೆ ಅವನನ್ನು ಕೂರಿಸಿಕೊಳ್ಳುವಂತಿಲ್ಲ. ದೊನ್ ಅದೆಮಾರ್ ಇನ್ನೂ ಹೇಳಿರಲಿಲ್ಲ.

ಹೊರಗೆ ಸರದಿಗೆ ಕಾದಿದ್ದವರು ಯಾರೋ ಬಾಗಿಲು ಬಡಿದರು. "ಡಾಕ್ಟ್ರಮ್ಮ, ಒಳಗೇ ನಿದ್ದೆ ಹೋದ್ರಾ?"

ಮಾಬೆಲ್ ಬುರುಡೆಯನ್ನು ಅವನ ಕೈಗೆ ದಾಟಿಸಿದಳು. ನೀರು ಆರುತ್ತ ಬಂದಿತ್ತು, ಸೊಪ್ಪು ಬಿಳಿಚಿಕೊಂಡಿತ್ತು.

"ಸಪ್ಪೆಯಾಯ್ತು" ಎಂದ ಅವನು.

"ಗೊತ್ತು" ಎಂದು ಅವಳು ಮತ್ತೆ ನೀರು ಹೊಯ್ದಳು.