ಹೊರಗೆ ನಿಲ್ಲಿಸಿದ ಹುಡುಗಿ

ಊಟದ ಬಿಡುವು ಮುಗಿದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ, ಲೆಕ್ಕ ಕಲಿಸುವ ಮಗ್ಗಿ ಮಿಸ್ ತರಗತಿಯ ಬಾಗಿಲು ಹಾಕುತ್ತಿರಲಿಲ್ಲ. ಗಾಳಿಗೆ ಚಾಕ್ ಪುಡಿ ಹಾರಿ ಮುಂದಿನ ಬೆಂಚಿನವರು ಸೀನಿದರೂ ಹಾಕುತ್ತಿರಲಿಲ್ಲ. ಬಾಗಿಲಾಚೆ ವರಾಂಡದಲ್ಲಿ, ಮಹಡಿಯ ಮೆಟ್ಟಿಲು ಶುರುವಾಗುವಲ್ಲಿ, ಒಂದು ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಆ ಹುಡುಗಿ ಸತ್ತು ವರ್ಷಗಳೇ ಆಗಿದ್ದವು.

ಹೀಗೆ ಥಟ್ಟನೆ ಹೇಳಿದರೆ ನೀವು ನಂಬುವುದಿಲ್ಲ, ಇರಲಿ. ಮಗ್ಗಿ ಮಿಸ್ ಕೂಡ ಮೊದಲು ತಮ್ಮ ಕಣ್ಣನ್ನು ನಂಬಲಿಲ್ಲ. ಕನ್ನಡಕ ಬದಲಾಯಿಸಿ ನೋಡಿದರು. ಹೊಸ ಕನ್ನಡಕದಲ್ಲಿ ಹುಡುಗಿಯ ಒಂದು ಕಾಲಿನ ಸಾಕ್ಸ್ ಜಾರಿರುವುದೂ ಸ್ಪಷ್ಟವಾಗಿ ಕಂಡಿತು. ಮಕ್ಕಳಿಗೆ ಅವಳು ಕಾಣುತ್ತಿರಲಿಲ್ಲ. ಆದರೆ ಧಡಧಡ ಓಡಿಕೊಂಡು ಬಂದವರೂ ಆ ಜಾಗ ಬಂದ ಕೂಡಲೇ ನಿಧಾನವಾಗಿ ಸುತ್ತಿಕೊಂಡು ಹೋಗುತ್ತಿದ್ದರು. ಯಾಕ್ರೋ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ನಡೆದದ್ದು ಇಷ್ಟು. ಸದಾ ಬಾಯೊಳಗೇ ಏನೋ ಅಂದುಕೊಳ್ಳುತ್ತಿದ್ದ ಆ ಹುಡುಗಿಗೆ ಮಿಸ್ ಇಟ್ಟ ಹೆಸರು ಗೊಣಗಿ. ಹೋಂವರ್ಕ್ ಎಂದೂ ತರುತ್ತಿರಲಿಲ್ಲ. ಒಂದು ದಿನ ಪುಸ್ತಕ ಮರೆತೆ ಎನ್ನುತ್ತಿದ್ದಳು, ಇನ್ನೊಂದು ದಿನ ಹಾಳೆ ಹರಿದುಹೋಯಿತು ಎನ್ನುತ್ತಿದ್ದಳು. ಮಿಸ್‌ಗೆ ಪಿತ್ತ ನೆತ್ತಿಗೇರುತ್ತಿತ್ತು. "ಹೊರಗೆ ನಿಲ್ಲು, ಹೋಗು" ಎನ್ನುತ್ತಿದ್ದರು. ಕೊನೆಯ ಸಲ ಹಾಗೆ ಕಳಿಸಿದ ದಿನ ವರಾಂಡಕ್ಕೆ ಬಿಸಿಲು ರಾಚುತ್ತಿತ್ತು. ಮಿಸ್ ಭಿನ್ನರಾಶಿಯ ಗುಂಗಿನಲ್ಲಿ ಅವಳನ್ನು ಒಳಗೆ ಕರೆಯುವುದನ್ನೇ ಮರೆತರು. ಆ ಸಂಜೆ ಹುಡುಗಿಗೆ ಜ್ವರ ಬಂತು, ಜ್ವರ ಮಿದುಳಿಗೇರಿತು, ವಾರ ತುಂಬುವಷ್ಟರಲ್ಲಿ ಅವಳಿಲ್ಲ.

ಅದು ಮೊದಲೇ ಮೈಗೆ ಹೊಕ್ಕಿದ್ದ ಸೋಂಕು, ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಡಾಕ್ಟರು ಹೇಳಿದರು. ಮಿಸ್ ಅವರ ಗಂಡ ಅದನ್ನೇ ಹೇಳಿದರು, ಹೇಳಿ ಹೇಳಿ ಸಾಕಾಗಿ ಸುಮ್ಮನಾದರು. ನೊಂದ ಟೀಚರಿಗೆ ಸಮಾಧಾನ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಜಗತ್ತಿನ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುವ ಕೈ, ತನ್ನ ತಪ್ಪಿನ ಸುತ್ತ ಗೀಚಿದ್ದೇ ಗೀಚಿದ್ದು.

ಅಂದಿನಿಂದ ಮಿಸ್ ಯಾವ ಮಗುವಿಗೂ ತಪ್ಪು ಎಂದವರಲ್ಲ. ಏಳೆಂಟ್ಲಿ ಐವತ್ನಾಲ್ಕು ಎಂದರೆ "ಪರವಾಗಿಲ್ಲ ಮರಿ, ಹತ್ತಿರ ಹತ್ತಿರ ಬಂದೆ" ಎಂದು ತಲೆ ಸವರುತ್ತಿದ್ದರು. ಒಂದು ಕಾಲಕ್ಕೆ ದಡ್ಡರ ಬಾಯಲ್ಲೂ ಮಗ್ಗಿ ಕುಣಿಸಿದವರ ತರಗತಿ ಈಗ ಕೂಡುವುದನ್ನೇ ಮರೆಯುತ್ತಿತ್ತು. ಕೊನೆಗೆ ಮುಖ್ಯೋಪಾಧ್ಯಾಯಿನಿ ಕರೆಸಿದರು.

"ನೋಡಿ, ಮಕ್ಕಳಿಗೆ ನೀವು ಅಂದ್ರೆ ತುಂಬಾ ಇಷ್ಟ. ಅವರಿಗೆ ಐಸ್‌ಕ್ರೀಮೂ ಇಷ್ಟ. ಲೆಕ್ಕ ಯಾರು ಕಲಿಸೋದು?" ಎಂದರು. "ಈ ಪರೀಕ್ಷೆಯೊಳಗೆ ನೀವು ಮೊದಲಿನ ಹಾಗೆ ಪಾಠ ಮಾಡದೆ ಇದ್ರೆ ಆಫೀಸಿಗೆ ಹಾಕ್ಬೇಕಾಗುತ್ತೆ. ಆಮೇಲೆ ನೀವು ಕ್ಲಾಸಿಗೆ ಬರೋ ಹಾಗಿಲ್ಲ."

ಪಾಠ ಬಿಟ್ಟರೆ ಮಿಸ್‌ಗೆ ಬೇರೆ ಬದುಕು ಗೊತ್ತಿರಲಿಲ್ಲ. ಆದರೆ ಆ ಹುಡುಗಿ ಹೊರಗೆ ನಿಂತು ನೋಡುತ್ತಿರುವಾಗ ಇನ್ನೊಂದು ಮಗುವಿಗೆ ಗದರಲು ನಾಲಿಗೆ ಏಳುವುದು ಹೇಗೆ? ಅವಳು ಕ್ಷಮಿಸಿ ಹೊರಟುಹೋದರೆ ಮಾತ್ರ ತಾನು ಮತ್ತೆ ಟೀಚರ್ ಎಂದು ಅವರಿಗೆ ಅನ್ನಿಸಿತು. ಇಷ್ಟು ವರ್ಷ ಒಳಗಿನಿಂದಲೇ ಮನಸ್ಸಿನಲ್ಲಿ ಕೈ ಮುಗಿದಿದ್ದರೇ ಹೊರತು ಒಂದು ದಿನವೂ ಅವಳ ಹತ್ತಿರ ಹೋಗುವ ಧೈರ್ಯ ಮಾಡಿರಲಿಲ್ಲ.

ಮರುದಿನ ಮಕ್ಕಳಿಗೆ ಲೆಕ್ಕ ಕೊಟ್ಟು ಹೊಸ್ತಿಲು ದಾಟಿದರು. ವರಾಂಡದ ನೆಲ ಚಪ್ಪಲಿಯೊಳಗೂ ಸುಡುವಷ್ಟು ಕಾದಿತ್ತು. ಹುಡುಗಿಯ ಹತ್ತಿರ ಬಂದಂತೆ ಅದು ಈಗಷ್ಟೇ ಒರೆಸಿದ ನೆಲದ ಹಾಗೆ ತಣ್ಣಗಾಯಿತು. ಅವಳು ಕತ್ತು ಮೇಲಕ್ಕೆತ್ತಿ, ಕಣ್ಣು ಅರ್ಧ ಮುಚ್ಚಿ ನಿಂತಿದ್ದಳು. ಮಿಸ್ ಅವಳೆದುರು ಮಂಡಿಯೂರಿದರು.

"ಮಗೂ, ನಂದು ತಪ್ಪಾಯ್ತು ಕಣೆ. ಒಳಗೆ ಕರೀಬೇಕಿತ್ತು, ಮರೆತುಬಿಟ್ಟೆ. ಕ್ಷಮಿಸ್ತೀಯಾ?"

ಹುಡುಗಿಯ ಮುಖ ಮೆಲ್ಲಗೆ ತಿರುಗಿತು. ಕಣ್ಣು ಮಿಸ್ ಕಡೆಗಿದ್ದರೂ ನೋಟ ಅವರ ಮೇಲಿರಲಿಲ್ಲ.

"ಮಿಸ್, ಸ್ವಲ್ಪ ಆಚೆ ಸರೀತೀರಾ? ಕೇಳಿಸ್ತಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸದ ನಡುವೆ ಯಾರೋ ಅಡ್ಡ ಬಂದಾಗಿನ ಸಣ್ಣ ಕಿರಿಕಿರಿ ಇತ್ತು, ಅಷ್ಟೇ. ಮಿಸ್ ಪಕ್ಕಕ್ಕೆ ಸರಿದರು. ಹುಡುಗಿ ಮತ್ತೆ ಮೆಟ್ಟಿಲಿನತ್ತ ಕಿವಿ ಕೊಟ್ಟಳು. ಮೇಲೆ ಕೇಳುವಂಥದ್ದೇನೂ ಇರಲಿಲ್ಲ. ಅಲ್ಲಿದ್ದದ್ದು ಮುರಿದ ಬೆಂಚುಗಳನ್ನು ತುಂಬಿ ಬೀಗ ಹಾಕಿದ್ದ ಕೋಣೆ.

ಸಂಜೆ ಶಾಲೆ ಬಿಟ್ಟ ಕೂಡಲೇ ಮಿಸ್ ಹುಡುಗಿಯ ತಾಯಿಯ ಹೊಲಿಗೆ ಅಂಗಡಿಗೆ ಹೋದರು. ಆ ಬೀದಿಯನ್ನು ಅವರು ವರ್ಷಗಳಿಂದ ಬಳಸಿಕೊಂಡು ಓಡಾಡುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟರು: ಹೋಂವರ್ಕು, ಬಿಸಿಲು, ಮರೆತದ್ದು, ವರಾಂಡದಲ್ಲಿ ಕಂಡದ್ದು, ಕೇಳಿದ್ದು. ತಾಯಿ ಹಿಡಿದ ಹೊಲಿಗೆ ಮುಗಿಯುವ ತನಕ ಮೆಷಿನ್ ನಿಲ್ಲಿಸಲಿಲ್ಲ.

"ಹೋಂವರ್ಕ್ ಮಾಡ್ತಿದ್ಲು ಮಿಸ್. ಇದೇ ಮೇಜಿನ ಮೇಲೆ ಕೂತು ಮಾಡೋಳು. ಆಮೇಲೆ ಹಾಳೆ ಹರಿದು ಬಟ್ಟೆ ಚೂರಿನ ಜೊತೆ ಹಾಕಿಬಿಡೋಳು."

"ಹರಿದು? ಯಾಕಮ್ಮಾ?"

"ನೀವು ಹೊರಗೆ ಕಳಿಸ್ಲಿ ಅಂತ. ನಿಮ್ಮ ಪೀರಿಯಡ್ಡಿಗೇ ಮೇಲ್ಗಡೆ ದೊಡ್ಡ ಮಕ್ಕಳಿಗೆ ಸಂಗೀತ ಇರ್ತಿತ್ತಲ್ಲ. ಇವಳ ಕ್ಲಾಸಿಗೆ ಇರಲಿಲ್ಲ. ಮೆಟ್ಟಿಲ ಹತ್ರ ನಿಂತ್ರೆ ಚೆನ್ನಾಗಿ ಕೇಳ್ಸುತ್ತಮ್ಮಾ ಅನ್ನೋಳು. ದಿನವೆಲ್ಲ ಅದನ್ನೇ ಬಾಯೊಳಗೆ ಹಾಡ್ಕೊಳ್ಳೋಳು. ನೀವದಕ್ಕೆ ಗೊಣಗಿ ಅಂದ್ರಿ."

ಮಿಸ್ ಪಕ್ಕದ ಸ್ಟೂಲಿನ ಮೇಲೆ ಕುಸಿದರು. "ಆದ್ರೂ ಆವತ್ತು ನಾನು..."

"ಬಿಸಿಲಲ್ಲಿ ಮರೆತದ್ದು ತಪ್ಪೇ. ನಾನೇನು ಇಲ್ಲ ಅನ್ನಲ್ಲ. ಅದು ಎಷ್ಟು ತಪ್ಪೋ ಅಷ್ಟೇ ಇರ್ಲಿ, ಎಳೆದು ಎಳೆದು ದೊಡ್ಡದು ಮಾಡ್ಬೇಡಿ." ತಾಯಿ ದಾರವನ್ನು ಹಲ್ಲಿನಿಂದ ಕಡಿದರು. "ಅವಳ ಸಾವು ನಂದು ಮಿಸ್. ಹೆತ್ತೋಳು ನಾನು. ಅದನ್ನೂ ನೀವೇ ಹೊತ್ಕೊಂಡು ಓಡಾಡಿದ್ರೆ ನನಗೇನು ಉಳೀತು?"

ಮನೆ ದಾರಿಯಲ್ಲಿ ಮಿಸ್‌ಗೆ ಅಳು ಬಂತು. ಅದರ ಬೆನ್ನಿಗೇ ನಗು ಬಂತು, ಎದುರು ಬಂದವರು ದಾರಿ ಬಿಟ್ಟು ನಡೆದರು. ಇಷ್ಟು ವರ್ಷ ತನ್ನನ್ನೇ ದಿಟ್ಟಿಸುತ್ತ ನಿಂತಿದ್ದಾಳೆಂದು ತಿಳಿದಿದ್ದ ಹುಡುಗಿ ಒಮ್ಮೆಯೂ ತನ್ನತ್ತ ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ನಾಚಿಕೆಯ ಅಡಿಯಲ್ಲಿ ಎಲ್ಲೋ ಮೈ ಹಗುರವೂ ಆಯಿತು.

ಮರುದಿನವೂ ಹುಡುಗಿ ಅಲ್ಲೇ ಇದ್ದಳು. ಮಿಸ್ ಬಾಗಿಲಲ್ಲಿ ನಿಂತು, ಮೊದಲ ಸಲ, ಅವಳನ್ನು ನೋಡುವುದು ಬಿಟ್ಟು ಅವಳು ಕೇಳುವತ್ತ ಕಿವಿಯಿಟ್ಟರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಆ ಬೀಗ ಹಾಕಿದ ಕೋಣೆಯಿಂದ, ಹಾರ್ಮೋನಿಯಂನ ತಿದಿ ಉಸಿರೆಳೆದುಕೊಳ್ಳುವ ಸದ್ದು ಕೇಳಿಸಿತು. ಒಳಗೆ ಮಕ್ಕಳ ಗಲಾಟೆ ಜೋರಾಗಿತ್ತು. ಅವಳಿಗೆ ತೊಂದರೆಯಾಗದಿರಲೆಂದು ಮಿಸ್ ಒಳಗೆ ಬಂದು ಸದ್ದಿಲ್ಲದೆ ಬಾಗಿಲು ಎಳೆದುಕೊಂಡರು. ಹುಡುಗಿ ತಿರುಗಿಯೂ ನೋಡಲಿಲ್ಲ.

ಬೋರ್ಡಿನ ಮುಂದೆ ಜಡೆಯ ತುದಿ ಕಚ್ಚುತ್ತ ಒಬ್ಬಳು ಭಾಗಾಕಾರ ಮಾಡಿ ಮುಗಿಸಿದ್ದಳು. ಶೇಷ ಭಾಜಕಕ್ಕಿಂತ ದೊಡ್ಡದಾಗಿ ಕೂತಿತ್ತು. ಹೊಗಳಿಕೆಗಾಗಿ ಅವಳಾಗಲೇ ನಗುತ್ತಿದ್ದಳು. ಮಿಸ್ ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ನೋಡಿದರು.

"ತಪ್ಪು" ಎಂದರು.

ಮುಂದಿನ ಬೆಂಚಿನವರು ತಲೆಯೆತ್ತಿ ನೋಡಿದರು. ಬೋರ್ಡಿನ ಮುಂದಿದ್ದವಳ ತುಟಿ ನಡುಗಿ ಕಣ್ಣಲ್ಲಿ ನೀರು ತುಂಬಿತು. ಮಿಸ್ ಕಾದರು. ಮಗು ತೋಳಿನಿಂದ ಮೂಗು ಒರೆಸಿಕೊಂಡಿತು, ಬೋರ್ಡನ್ನೂ ಅದೇ ತೋಳಿನಿಂದ ಒರೆಸಿತು, ಬೆರಳು ಮಡಿಸಿ ಎಣಿಸಿ ಮತ್ತೆ ಬರೆಯಿತು.

"ಇದೂ ತಪ್ಪು" ಎಂದರು ಮಿಸ್, ಅವಳ ಪಕ್ಕಕ್ಕೆ ಹೋಗಿ ನಿಂತು. "ಅಳ್ತಾನೇ ಮಾಡು, ಪರವಾಗಿಲ್ಲ. ಬರೋವರೆಗೂ ನಾನು ಇಲ್ಲೇ ಇರ್ತೀನಿ."